ಮುಂಬಯಿ ಆಸ್ಪತ್ರೆಗೆ ಹೊರಡುವ ಮುನ್ನ

ಸೊಲ್ಲಾಪುರದ ಡಾಕ್ಟರು "ಮುಂಬಯಿಗೆ ಒಯ್ಯಿರಿ" ಎಂದ ಕೂಡಲೇ ನಮ್ಮ ಮನೆಗಳಲ್ಲಿ ನಡೆಯುವುದು ಒಂದೇ. ಮಸ್ಜಿದ್ ಬಂದರಿನ ಬೀಗರಿಗೆ ಫೋನು, ಅವರು ಹೇಳಿದ ಆಸ್ಪತ್ರೆ, ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸು. ನಾಲ್ಕು ಚೀಲ ಕಡಲೆಗೆ ನಾಲ್ಕು ಅಡತಿಗಳಲ್ಲಿ ದರ ಕೇಳುವ ನಾವು ಆಸ್ಪತ್ರೆಯಲ್ಲಿ ಕೇಳಲು ಸಂಕೋಚಪಡುತ್ತೇವೆ. ಜೀವದ ಮುಂದೆ ಹಣದ ಮಾತೇ ಎಂದು.

ಈ ಸಂಕೋಚದಿಂದ ನಾವೇ ಪೆಟ್ಟು ತಿಂದವರು. ನಮ್ಮ ಮಾವನವರ ಹೃದಯಕ್ಕೆ ಸ್ಟೆಂಟ್ ಹಾಕಿಸಬೇಕಿತ್ತು. ತುರ್ತಿರಲಿಲ್ಲ, ಎರಡು ವಾರದ ಅವಕಾಶವಿತ್ತು. ದೊಡ್ಡ ಆಸ್ಪತ್ರೆಯೊಂದರಲ್ಲಿ ಹಿರಿಯರಿಗೆ ಅನುಕೂಲವಾಗಲೆಂದು ಪ್ರತ್ಯೇಕ ಕೋಣೆ ಹಿಡಿದೆವು. ಹೆಚ್ಚುವುದು ಬಾಡಿಗೆ ಮಾತ್ರ ಎಂದುಕೊಂಡಿದ್ದೆವು. ಬಿಲ್ಲು ಕೈಗೆ ಬಂದಾಗ ತಿಳಿಯಿತು, ಕೋಣೆಯ ದರ್ಜೆ ಏರಿದರೆ ಡಾಕ್ಟರ ಫೀ, ಥಿಯೇಟರು, ರಕ್ತಪರೀಕ್ಷೆ ಎಲ್ಲದರ ದರವೂ ಏರುತ್ತದೆಂದು. ಡಾಕ್ಟರು ಅವರೇ, ಯಂತ್ರ ಅದೇ! ಬಾಡಿಗೆ ಮಿತಿ ಮೀರಿತೆಂದು ವಿಮೆಯವರು ಡಾಕ್ಟರ ಫೀಯಂಥ ಬಾಬುಗಳಲ್ಲೂ ಅದೇ ಪ್ರಮಾಣದಲ್ಲಿ ಕಡಿತ ಮಾಡಿದರು.

ಆದ್ದರಿಂದ ಎರಡು ಮೂರು ಕಡೆ ಒಂದೇ ದರ್ಜೆಯ ಕೋಣೆಗೆ ಅಂದಾಜು ಪಟ್ಟಿ ಬರೆಸಿಕೊಳ್ಳಬೇಕು. ದರ್ಜೆ ಬೇರೆಯಾದರೆ ಹೋಲಿಕೆಗೆ ಅರ್ಥವಿಲ್ಲ. ಐ.ಸಿ.ಯು. ಎಷ್ಟು ದಿನ, ಔಷಧ ಪ್ಯಾಕೇಜಿನ ಒಳಗೋ ಹೊರಗೋ ಎಂಬುದು ಅದರಲ್ಲಿರಲಿ. ಸ್ಟೆಂಟಿನ ಬೆಲೆಗೆ ಕೇಂದ್ರ ಸರಕಾರ 2017ರ ಫೆಬ್ರುವರಿಯಲ್ಲಿ ಮಿತಿ ಹಾಕಿದೆ. ಬಿಲ್ಲಿನಲ್ಲಿ ಅದರ ಬೆಲೆ, ಕಂಪನಿ, ಬ್ಯಾಚ್ ನಂಬರು ಪ್ರತ್ಯೇಕವಾಗಿ ಕಾಣಬೇಕು.

ದರಕ್ಕಿಂತ ಮೊದಲು ಕೇಳಬೇಕಾದದ್ದು, ಇದೇ ಆಪರೇಶನ್ ನಿಮ್ಮಲ್ಲಿ ವರ್ಷಕ್ಕೆ ಎಷ್ಟಾಗುತ್ತವೆ, ಮಾಡುವವರು ಯಾರು, ರಾತ್ರಿ ಯಾವ ಡಾಕ್ಟರು ಇರುತ್ತಾರೆ? ಅಮೃತಶಿಲೆಯ ನೆಲ ನೋಡಿ ಮರುಳಾಗಬಾರದು. ಕಾಗದಪತ್ರ ಬೇರೆ ಡಾಕ್ಟರಿಗೆ ತೋರಿಸುವುದು ಅವಮಾನವೂ ಅಲ್ಲ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿಯ ನಿಯಮವೇ ಇದೆ. ಎದೆನೋವು ಹಠಾತ್ತಾಗಿ ಬಂದರೆ ಮಾತ್ರ ಇದ್ಯಾವುದೂ ಬೇಡ, ಹತ್ತಿರದ ಆಸ್ಪತ್ರೆಗೆ ಓಡಬೇಕು.

ಕ್ಯಾನ್ಸರೆಂದರೆ ಎಲ್ಲರ ಬಾಯಲ್ಲಿ ಪರೇಲಿನ ಟಾಟಾ ಆಸ್ಪತ್ರೆ. 1941ರಲ್ಲಿ ಆರಂಭವಾದ ಅಲ್ಲಿ ಜನರಲ್, ಪ್ರೈವೇಟ್ ಎಂದು ಎರಡು ವರ್ಗ, ಖರ್ಚಿನಲ್ಲಿ ಬಹಳ ಅಂತರ. ನಮ್ಮ ಜಿಲ್ಲೆಯ ಬಾರ್ಶಿಯಲ್ಲೇ ಕ್ಯಾನ್ಸರ್ ಆಸ್ಪತ್ರೆಯಿದೆ, ಮೊದಲು ಅಲ್ಲಿ ವಿಚಾರಿಸಿದರೆ ಕೆಲವರಿಗಾದರೂ ಮುಂಬಯಿಯ ಓಡಾಟ ತಪ್ಪೀತು.

ಇನ್ನೊಂದು ಮಾತು ನಮ್ಮ ಅಂಗಡಿಯ ಹಮಾಲರ, ಮುನೀಮರ ಸಲುವಾಗಿ. ಮುಂಬಯಿ ಹೈಕೋರ್ಟು 2006ರಲ್ಲಿ ಒಪ್ಪಿದ ಯೋಜನೆಯಂತೆ ಮಹಾರಾಷ್ಟ್ರದ ಧರ್ಮಾದಾಯ ಟ್ರಸ್ಟಿನ ಆಸ್ಪತ್ರೆಗಳು ಶೇ. 10 ಹಾಸಿಗೆ ಕಡುಬಡವರಿಗೆ ಉಚಿತವಾಗಿ, ಇನ್ನು ಶೇ. 10 ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಇಡಬೇಕು. ಹೆಸರಾಂತ ಆಸ್ಪತ್ರೆಗಳೂ ಇದರಲ್ಲಿ ಸೇರಿವೆ. ತಹಸೀಲದಾರರ ಉತ್ಪನ್ನದ ದಾಖಲೆ, ರೇಶನ್ ಕಾರ್ಡು ಹಿಡಿದು ಅಲ್ಲಿನ ಸಮಾಜಸೇವಾ ಅಧಿಕಾರಿಯನ್ನು ಕಾಣಬೇಕು. ಹಮಾಲನಿಗೆ ಇದನ್ನು ಹೇಳುವವರಿಲ್ಲ. ಮಾಲೀಕರು ಅರ್ಧ ದಿನ ಅವನ ಜೊತೆ ಹೋಗಿ ನಿಂತರೆ ಅದೂ ಔಷಧದಾನವೇ.

ಊಟದ ವಿಷಯ ಭರ್ತಿಯ ದಿನವೇ ಹೇಳಿಡಬೇಕು. ಮಾವನವರಿಗೆ ಮೊದಲ ದಿನ ತಟ್ಟೆ ಬಂದದ್ದು ರಾತ್ರಿ ಎಂಟಕ್ಕೆ, ಗಡ್ಡೆಯ ಪಲ್ಯದೊಂದಿಗೆ. ಅವರು ನೀರನ್ನೂ ಮುಟ್ಟಲಿಲ್ಲ. ಮರುದಿನ ಅಡುಗೆ ವಿಭಾಗದವರಿಗೆ ತಿಳಿಸಿದೆವು, ಸಂಜೆ ಐದೂವರೆಗೆ ಬಿಸಿ ಖಿಚಡಿ ಬಂತು.