ದಾಕ್ಷಿಣ್ಯವಿಲ್ಲದ ಮನುಷ್ಯ

ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿ ಒಬ್ಬರು ಒಳಗೆ ಬಂದರು. ಕಾಫಿ ಕುಡಿದರು, ಗೋಡೆ ತಟ್ಟಿ ನೋಡಿದರು, ಸಂಪಿನ ಮುಚ್ಚಳ ತೆಗೆದು ಬಗ್ಗಿ ನೋಡಿ ಹೋದರು. ರಜೆಗೆ ಬಂದಿದ್ದ ಆರನೇ ಕ್ಲಾಸಿನ ಮೊಮ್ಮಗಳು ಕೇಳಿದಳು: “ತಾತಾ, ಅವರು ನಮ್ಮನೆ ತಗೊಳ್ಳೋರಾ?”

“ಅಲ್ಲ ಪುಟ್ಟಿ, ಅವರು ಬ್ರೋಕರ್. ಮಾರಿಸಿಕೊಡೋರು.”

“ಮಾರೋರು ನಾವು, ತಗೊಳ್ಳೋರು ಬೇರೆಯೋರು. ಮಧ್ಯೆ ಇವರಿಗೇನು ಕೆಲಸ?”

ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ 36 ವರ್ಷ ಲೆಡ್ಜರು ತಿರುವಿದವನು ನಾನು. ಆದರೂ ಈ ಪ್ರಶ್ನೆಗೆ ಉತ್ತರ ತಿಳಿಯಬೇಕಾದರೆ ಒಬ್ಬ ಸ್ನೇಹಿತನನ್ನು ಕಳೆದುಕೊಳ್ಳಬೇಕಾಯಿತು.

1993ನೇ ಇಸವಿ. ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಪಕ್ಕದ ಕೌಂಟರಿನ ಸಹೋದ್ಯೋಗಿ ತನ್ನ ತಂದೆ ಕಟ್ಟಿಸಿದ ಮನೆ ಮಾರುತ್ತೇನೆಂದ. 30X40 ಸೈಟಿನಲ್ಲಿ ಪುಟ್ಟ ಮನೆ, ಬೆಲೆ 2,40,000 ರೂಪಾಯಿ. ಬ್ರೋಕರ್ ಇದ್ದಿದ್ದರೆ ಶೇ 2ರ ಲೆಕ್ಕದಲ್ಲಿ 4,800 ರೂಪಾಯಿ ಕೊಡಬೇಕಿತ್ತು. ಅದು ಆಗ ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು! ದಿನಾ ಒಟ್ಟಿಗೆ ಊಟ ಮಾಡುವ ನಮ್ಮಿಬ್ಬರ ನಡುವೆ ಬ್ರೋಕರ್ ಯಾಕೆ ಎಂದುಕೊಂಡೆವು. ಸಾಲ ಮಾಡಿದ್ದರೆ ಬ್ಯಾಂಕಿನ ವಕೀಲರಾದರೂ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ನಾನು ಪಿ.ಎಫ್. ಹಣ ತೆಗೆದು, ಹೆಂಡತಿಯ ಬಳೆ ಮಾರಿ ಹೊಂದಿಸಿದ್ದೆ. ಅದಕ್ಕೇ ಮನೆ ಇಬ್ಬರ ಹೆಸರಿನಲ್ಲೂ ಆಯಿತು.

ಕಾಗದ ಪತ್ರ ನನಗೆ ತಿಳಿಯದ್ದಲ್ಲ. 13 ವರ್ಷದ ಇ.ಸಿ. ತೆಗೆಸಿದೆ, ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ಆದರೆ ಇ.ಸಿ.ಯಲ್ಲಿ ಕಾಣುವುದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ಮದುವೆಯಾಗಿ ದಾವಣಗೆರೆಗೆ ಹೋದ ತಂಗಿ ಅದರಲ್ಲಿ ಕಾಣುವುದಿಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಸಂಪಾದನೆಯ ಮನೆಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಅದೂ ನನಗೆ ಗೊತ್ತಿತ್ತು. ಒಂದು ಸಲ ಬಾಯಿಬಿಟ್ಟು ಕೇಳಿಯೂ ಇದ್ದೆ. “ಅವಳದೇನಿಲ್ಲ ಬಿಡೋ, ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ” ಎಂದ. ಮತ್ತೆ ಕೇಳಿದರೆ ನಂಬಿಕೆ ಇಲ್ಲವೇ ಎಂದುಕೊಂಡಾನು ಎಂಬ ದಾಕ್ಷಿಣ್ಯ ನನಗೆ. ದಾಕ್ಷಿಣ್ಯದ ಮೇಲೆ ನಮ್ಮಲ್ಲೊಂದು ಗಾದೆ ಇದೆ, ದೊಡ್ಡವರಿಗೆ ಗೊತ್ತು. ಮಕ್ಕಳೂ ಓದುವ ಪತ್ರಿಕೆಯಾದ್ದರಿಂದ ಪೂರ್ತಿ ಬರೆಯುವುದಿಲ್ಲ.

ಎರಡು ವರ್ಷಕ್ಕೆ ತಂಗಿಯ ವಕೀಲರಿಂದ ನೋಟಿಸು ಬಂತು. ಅವನನ್ನು ಕೇಳಿದರೆ, “ಎಲ್ಲ ನೋಡಿಕೊಂಡೇ ತಗೊಂಡೆಯಲ್ಲ” ಎಂದ. ಕೋರ್ಟು ಅಲೆಯುವ ಶಕ್ತಿ ಇರಲಿಲ್ಲ. ಆಕೆಗೆ 40,000 ಕೊಟ್ಟು, ಆಕೆಯಿಂದಲೂ ಒಂದು ಪತ್ರ ರಿಜಿಸ್ಟರ್ ಮಾಡಿಸಿಕೊಂಡೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ, ನ್ಯಾಯವಾಗಿ ಬರಬೇಕಾದ್ದನ್ನೇ ಕೇಳಿದಳು. ಸ್ನೇಹಿತ ಮಾತ್ರ ವರ್ಗ ಮಾಡಿಸಿಕೊಂಡು ಹೋದ. ಎಷ್ಟೋ ವರ್ಷದ ಮೇಲೆ ಪೇಪರಿನ ಶ್ರದ್ಧಾಂಜಲಿ ಕಾಲಮ್ಮಿನಲ್ಲಿ ಅವನ ಫೋಟೋ ನೋಡಿದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

ಹೆಂಡತಿ ಹೋಗಿ ಆರು ವರ್ಷವಾಯಿತು. ಒಂಟಿಯಾಗಿರುವುದು ಬೇಡ, ಬೆಂಗಳೂರಿಗೆ ಬನ್ನಿ ಎಂದು ಮಗ ಹಟ ಹಿಡಿದ. ಅದೇ ಮನೆ ಮಾರುವ ದಿನ ಬಂತು. “ಬ್ರೋಕರ್ ಯಾಕಪ್ಪಾ, ಮೊಬೈಲಿನಲ್ಲೇ ಜಾಹೀರಾತು ಹಾಕ್ತೀನಿ” ಎಂದ ಮಗ. ನಾನು ಒಪ್ಪಲಿಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಈ ಕೆಲಸವನ್ನೂ ಮಾಡುವವರನ್ನೇ ಕರೆದೆ. ಶೇ 2 ಕೇಳಿದರು, 1ಕ್ಕೆ ಒಪ್ಪಿದರು.

ಮೊದಲ ಮಾತೇ ಕಹಿ. “ಸಾರ್, ಬೆಲೆ ಇರೋದು ಸೈಟಿಗೆ. ಮನೆಗೆ ಅಷ್ಟು ಹಿಡಿಯಬೇಡಿ. ತಗೊಳ್ಳೋರು ಒಡೆದು ಕಟ್ತಾರೆ.” ತೇಗದ ಬಾಗಿಲು, ರೆಡ್ ಆಕ್ಸೈಡ್ ನೆಲ ಎಂದು ನಾನು ಶುರು ಮಾಡಿದೆ. ಅವರು ಸುಮ್ಮನೆ ಕೇಳಿಸಿಕೊಂಡು ಕಾಫಿ ಕುಡಿದರು. ಎರಡು ದಿನ ನಿದ್ದೆ ಬರಲಿಲ್ಲ. ಆದರೆ ಹತ್ತಿರದಲ್ಲಿ ಈಚೆಗೆ ಮಾರಾಟವಾದ ಮೂರು ಮನೆಗಳ ನಿಜವಾದ ಬೆಲೆ ಅವರ ನಾಲಿಗೆಯ ಮೇಲಿತ್ತು. ಪತ್ರದಲ್ಲಿ ಬರೆಸಿದ್ದೆಷ್ಟು ಎಂದಷ್ಟೇ ಅಲ್ಲ, ಯಾರು ಯಾವ ಅವಸರಕ್ಕೆ ಮಾರಿದರು ಎಂಬುದೂ.

ಎರಡನೆಯ ಮಾತು ಇನ್ನೂ ಕಠಿಣ. ಮಗ, ಮಗಳು ಇಬ್ಬರೂ ಇದ್ದ ದಿನ ಬಂದು ಕೇಳಿದರು: “ಅಮ್ಮಾವ್ರ ಅರ್ಧ ಇದೆಯಲ್ಲ ಸಾರ್. ಅದರಲ್ಲಿ ನಿಮಗೆ, ಇವರಿಗೆ, ಅಕ್ಕನಿಗೆ ಮೂವರಿಗೂ ಸಮ. ವಂಶವೃಕ್ಷ ಮಾಡಿಸಿದ್ದೀರಾ?” ಆಮೇಲೆ ಮಗಳ ಕಡೆ ತಿರುಗಿ, “ಅಕ್ಕಾ, ನಿಮಗೆ ಮಾರೋಕೆ ಒಪ್ಪಿಗೆ ಇದೆಯಾ?” ಎಂದರು.

ಹಾಲ್‌ನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಗಳು ನಿಧಾನವಾಗಿ ಹೇಳಿದಳು: “ಸಹಿ ಹಾಕ್ತೀನಿ. ಆದ್ರೆ ಅಪ್ಪ, ನೀವು ಅಣ್ಣನ ಹತ್ರ ಕೂತು ಮಾತಾಡಿದ್ರಿ. ನನಗೆ ವಾಟ್ಸಾಪಲ್ಲಿ ಗೊತ್ತಾಯ್ತು.”

ಇನ್ನೊಬ್ಬರ ತಂಗಿಯ ವಿಷಯದಲ್ಲಿ ಪೆಟ್ಟು ತಿಂದವನು ನಾನು. ನನ್ನ ಮಗಳ ವಿಷಯದಲ್ಲಿ ಅದನ್ನೇ ಮಾಡಿದ್ದೆ. ಹೇಗೂ ಸಹಿ ಹಾಕುತ್ತಾಳೆ ಎಂದುಕೊಂಡಿದ್ದೆ. ಅವತ್ತು ರಾತ್ರಿ ಊಟ ಆದಮೇಲೆ ಮೂವರೂ ಕೂತೆವು, ಹನ್ನೊಂದಾಯಿತು. ಅವಳ ಪಾಲು ಅವಳ ಖಾತೆಗೇ ಚೆಕ್ಕಿನಲ್ಲಿ ಹೋಗಬೇಕು ಎಂದು ತೀರ್ಮಾನವಾಯಿತು. ಅಡುಗೆಮನೆಯ ಕಡಪ ಕಲ್ಲು, ಅವರಮ್ಮ ರೊಟ್ಟಿ ತಟ್ಟುತ್ತಿದ್ದದ್ದು, ತನಗೆ ಬೇಕು ಎಂದಳು.

ಮುಂದಿನದು ಬೇಗ ಮುಗಿಯಿತು. ಕೊಳ್ಳುವವರು ಗೋಡೆಯ ತೇವ ತೋರಿಸಿ 10 ಲಕ್ಷ ಇಳಿಸಿ ಎಂದಾಗ ನನ್ನ ಮುಖ ಕೆಂಪಾಗಿತ್ತಂತೆ. ಬ್ರೋಕರ್ ಅವರನ್ನು ಗೇಟಿನ ಹತ್ತಿರ ಕರೆದೊಯ್ದು ಹತ್ತು ನಿಮಿಷ ಮಾತಾಡಿ, 2 ಲಕ್ಷಕ್ಕೆ ಮುಗಿಸಿಕೊಂಡು ಬಂದರು. 1 ಕೋಟಿ 10 ಲಕ್ಷಕ್ಕೆ ಕರಾರಾಯಿತು. 50 ಲಕ್ಷ ಅಥವಾ ಅದಕ್ಕೂ ಮೇಲಿನ ಬೆಲೆಗೆ ಕೊಳ್ಳುವವರು ಶೇ 1 ಟಿ.ಡಿ.ಎಸ್. ಹಿಡಿದು ಕಟ್ಟಬೇಕು ಎಂದು ಅವರೇ ನೆನಪಿಸಿದರು.

ಎಲ್ಲ ಬ್ರೋಕರುಗಳೂ ಹೀಗಿರುತ್ತಾರೆ ಎಂದು ನಾನು ಹೇಳುತ್ತಿಲ್ಲ. ನಿಮಗೊಂದು ಬೆಲೆ, ಕೊಳ್ಳುವವರಿಗೊಂದು ಬೆಲೆ ಹೇಳಿ ನಡುವಿನದನ್ನು ನುಂಗುವವರಿದ್ದಾರೆ. “ಇವತ್ತೇ ಅಡ್ವಾನ್ಸ್ ಕೊಡಿ, ನಾಳೆ ಬೇರೆಯವರು ಬರ್ತಾರೆ” ಎಂದು ಅವಸರಪಡಿಸುವವರಿದ್ದಾರೆ. ಹೊಸ ಬಡಾವಣೆ, ಅಪಾರ್ಟ್‌ಮೆಂಟುಗಳು ರೇರಾದಲ್ಲಿ ನೋಂದಣಿಯಾಗಿದ್ದರೆ, ಅವನ್ನು ಮಾರಿಸುವ ಏಜೆಂಟರೂ 2016ರ ಆ ಕಾಯ್ದೆಯಂತೆ ನೋಂದಾಯಿಸಿಕೊಂಡಿರಬೇಕು. ನಂಬರು ಕೇಳಲು ಸಂಕೋಚ ಬೇಡ. ನಮ್ಮಂಥ ಹಳೇ ಮನೆಗೆ ಬೀದಿಯವರ ಮಾತೇ ನಂಬರು. ಕಮಿಷನ್ ಎಷ್ಟು, ಯಾವಾಗ ಎಂಬುದನ್ನು ಮೊದಲೇ ಬರೆದುಕೊಳ್ಳಿ. ಪತ್ರ ಓದುವ ಕೆಲಸ ಮಾತ್ರ ವಕೀಲರದ್ದು, ಅದನ್ನು ಬ್ರೋಕರ್‌ಗೆ ಬಿಡಬೇಡಿ.

ರಿಜಿಸ್ಟ್ರೇಷನ್ ಆದ ಸಂಜೆ 1,10,000ದ ಚೆಕ್ಕು ಬರೆದುಕೊಟ್ಟೆ. ಮಗ ಏನೂ ಅನ್ನಲಿಲ್ಲ. ಬ್ರೋಕರ್ ಚೆಕ್ಕು ಮಡಚಿ ಜೇಬಿಗಿಡುತ್ತಾ, “ಸಾರ್, ಈ ಮನೆ ನೀವು ಯಾರ ಹತ್ರ ತಗೊಂಡಿದ್ರಿ?” ಎಂದರು. ಹೆಸರು ಹೇಳಿದೆ.

“ಓ, ಅವರಾ! ನಮ್ಮ ತಂದೆ ಇದೇ ಬೀದಿಯಲ್ಲಿ ಬ್ರೋಕರ್ ಆಗಿದ್ರು, ಅವರ ವಿಷಯ ಹೇಳ್ತಿದ್ರು. ಒಬ್ಬಳು ತಂಗಿ ಇದ್ದಳಲ್ಲ, ದಾವಣಗೆರೆಗೆ ಕೊಟ್ಟಿದ್ರು” ಎಂದು ಸ್ಕೂಟರ್ ಒದ್ದು ಹೊರಟರು.