ಬಣ್ಣ ತುಂಬುವುದು ಮಕ್ಕಳಾಟ ಅಂತ ನಕ್ಕಿದ್ದಕ್ಕೇ ನಮಗೆ ಕಸ ಮಾರುತ್ತಿದ್ದಾರೆ

ಸಂಜೆ ಪಾಳಿ ಬಿಡುವ ಹೊತ್ತಿಗೆ ಉದ್ಯಮಬಾಗದಿಂದ ಖಾನಾಪುರ ಕಡೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕರೆ ಅದೃಷ್ಟ. ಹೋದ ತಿಂಗಳು ಅಂಥ ಒಂದು ಸಂಜೆ ನನ್ನ ಪಕ್ಕ ಕುಳಿತಿದ್ದ ಹೆಣ್ಣುಮಗಳ ತೊಡೆಯ ಮೇಲೆ ಒಂದು ದೊಡ್ಡ ಪೆಟ್ಟಿಗೆ ಇತ್ತು. ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಆಕೆಯದು. ಪೆಟ್ಟಿಗೆಯಲ್ಲಿ ದೊಡ್ಡವರಿಗಾಗಿ ಮಾಡಿದ ಬಣ್ಣ ತುಂಬುವ ಪುಸ್ತಕ, 72 ಬಣ್ಣದ ಪೆನ್ಸಿಲ್, ಒಂದು ಕಟ್ಟು ಸ್ಕೆಚ್ ಪೆನ್. ಫೋನಿನಲ್ಲಿ ನೋಡಿ ತರಿಸಿದ್ದು. ಎರಡು ದಿನದ ಪಗಾರ ಹೋಗಿತ್ತು.

"ನನಗಂತ ತರಿಸಿದ್ದೆರಿ. ಮನ್ಯಾಗ ಎಲ್ಲಾರೂ ನಕ್ಕರು. ಪೆನ್ಸಿಲ್ಲೂ ಚೂಪ ಮಾಡಿದ್ರ ಬರೇ ಮುರೀತಾವು. ಅಣ್ಣನ ಮಗಳಿಗೆ ಕೊಟ್ಟು ಬರ್ತೀನಿ" ಅಂದಳು.

ಪುಸ್ತಕ ತೆರೆದು ನೋಡಿದೆ. ಎರಡು ಪುಟಕ್ಕೆ ಮಾತ್ರ ಬಣ್ಣ ಬಿದ್ದಿತ್ತು. ಸ್ಕೆಚ್ ಪೆನ್ನಿನ ಬಣ್ಣ ಕಾಗದದ ಹಿಂದಕ್ಕೆ ಇಳಿದು, ಹಿಂದಿನ ಚಿತ್ರವನ್ನೂ ಕೆಡಿಸಿತ್ತು. ಆಕೆಯ ಕೈ ಎಲ್ಲೂ ತಪ್ಪಿರಲಿಲ್ಲ. ಕಾಗದವೇ ಹಾಗಿತ್ತು.

ಆಕೆಗೆ ಎರಡು ಅನ್ಯಾಯ ಆಗಿದೆ. ಒಂದು ಮನೆಯಲ್ಲಿ, ನಕ್ಕಿದ್ದು. ಇನ್ನೊಂದು ಮಾರುಕಟ್ಟೆಯಲ್ಲಿ, ಕಸ ಮಾರಿದ್ದು. ನಾನು ಹೇಳುವುದೇನೆಂದರೆ, ಇವೆರಡೂ ಒಂದೇ ಬೇರಿನ ಗಿಡಗಳು. ದೊಡ್ಡವರು ಬಣ್ಣ ತುಂಬುವುದು ಹುಡುಗಾಟ ಅಂತ ನಾವು ತಿಳಿದಿದ್ದೇವೆ. ಹುಡುಗಾಟದ ಸಾಮಾನನ್ನು ಯಾರೂ ಪರೀಕ್ಷೆ ಮಾಡಿ ಕೊಳ್ಳುವುದಿಲ್ಲ, ಕೆಟ್ಟರೆ ಯಾರೂ ಕೇಳುವುದಿಲ್ಲ. ಮಾರುವವನಿಗೆ ಅದು ಚೆನ್ನಾಗಿ ಗೊತ್ತು.

ಸರ್ಕಾರದ ಲೆಕ್ಕದಲ್ಲೂ ಅದೇ ಕತೆ. ಜಿಎಸ್‌ಟಿ ಪಟ್ಟಿಯಲ್ಲಿ ಈ ಪುಸ್ತಕ ಇರುವುದು ಮಕ್ಕಳ ಚಿತ್ರಪುಸ್ತಕ, ಮಕ್ಕಳ ಬಣ್ಣದ ಪುಸ್ತಕ ಎಂಬ ಸಾಲಿನಲ್ಲಿ. ದೊಡ್ಡವರಿಗೆ ಸಾಲೇ ಇಲ್ಲ!

ಆದರೆ ಹೊರಗಿನ ಜಗತ್ತು ಇದನ್ನು ಬಹಳ ಹಿಂದೆಯೇ ವ್ಯಾಪಾರ ಮಾಡಿಕೊಂಡಿದೆ. ಸ್ಕಾಟ್ಲೆಂಡಿನ ಚಿತ್ರಗಾರ್ತಿ ಜೊಹಾನಾ ಬ್ಯಾಸ್‌ಫರ್ಡ್ ಅವರನ್ನು ಲಂಡನ್ನಿನ ಪ್ರಕಾಶಕರು ಮಕ್ಕಳ ಬಣ್ಣದ ಪುಸ್ತಕ ಮಾಡಿಕೊಡಿ ಅಂತ ಕೇಳಿದ್ದರು. ದೊಡ್ಡವರಿಗೇ ಮಾಡುತ್ತೇನೆ ಎಂದು ಆಕೆ ಹಟ ಹಿಡಿದರು. 2013ರಲ್ಲಿ ಬಂದ ಆಕೆಯ 'ಸೀಕ್ರೆಟ್ ಗಾರ್ಡನ್' ಎರಡೇ ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಆಮೇಲೆ ಎಷ್ಟು ಬೇಡಿಕೆ ಬಂತೆಂದರೆ, 2016ರಲ್ಲಿ ಜರ್ಮನಿಯ ಫೇಬರ್ ಕ್ಯಾಸ್ಟಲ್ ಕಂಪನಿ ತನ್ನ ಕಾರ್ಖಾನೆಯಲ್ಲಿ ಹೆಚ್ಚುವರಿ ಪಾಳಿ ನಡೆಸಿ ಬಣ್ಣದ ಪೆನ್ಸಿಲ್ ಮಾಡಬೇಕಾಯಿತು. ಆ ಪೆನ್ಸಿಲ್ ಕೊಂಡವರೆಲ್ಲ ಬೆಳೆದ ಜನ, ಸ್ವಂತ ದುಡಿಮೆಯ ಜನ.

ಈಗ ಉದ್ಯಮಬಾಗದ ಮಾತಿಗೆ ಬರೋಣ. ಇಲ್ಲಿ ಫೌಂಡ್ರಿಗಳಿವೆ, ಮಷಿನ್ ಶಾಪ್‌ಗಳಿವೆ, ಹೈಡ್ರಾಲಿಕ್ ಬಿಡಿಭಾಗ ಮಾಡುವ ಘಟಕಗಳಿವೆ. ಲೇತ್ ಮೇಲೆ ನಿಂತ ನಮ್ಮ ಹುಡುಗ ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಭಾಗ ನೋಡುತ್ತಾನೆ. ಕಾಸ್ಟಿಂಗ್‌ನಲ್ಲಿ ಸಣ್ಣ ಗಾಳಿಗುಳ್ಳೆ ಇದ್ದರೂ ತಿರುಗಿ ಕಳಿಸುತ್ತಾನೆ. ಅದೇ ಹುಡುಗ ಹೆಂಡತಿಗೆ ಬಣ್ಣದ ಪೆಟ್ಟಿಗೆ ತರುವಾಗ ಎಷ್ಟು ಬಣ್ಣ ಇವೆ ಅಂತ ಮಾತ್ರ ಎಣಿಸುತ್ತಾನೆ. 72 ಇದ್ದರೆ ಒಳ್ಳೆಯದು, 120 ಇದ್ದರೆ ಇನ್ನೂ ಒಳ್ಳೆಯದು! ಕಬ್ಬಿಣಕ್ಕೆ ಕೇಳುವ ಮೂರು ಪ್ರಶ್ನೆ ಇಲ್ಲಿಯೂ ಕೇಳಬೇಕು: ಮಾಲು ಯಾವುದು? ಟೂಲ್ ಯಾವುದು? ಡ್ರಾಯಿಂಗ್ ಸರಿ ಇದೆಯೇ?

ಮಾಲು ಅಂದರೆ ಕಾಗದ. ಮೊದಲು ನೋಡಬೇಕಾದದ್ದು ಇದನ್ನೇ, ಜಾಹೀರಾತು ಮುಚ್ಚಿಡುವುದೂ ಇದನ್ನೇ. ಕಾಗದದ ದಪ್ಪವನ್ನು ಜಿಎಸ್‌ಎಂ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಆ ಲೆಕ್ಕ. ಝೆರಾಕ್ಸ್ ಅಂಗಡಿಯ ಸಾದಾ ಹಾಳೆ 70ರಿಂದ 80. ಬಣ್ಣದ ಪೆನ್ಸಿಲ್ಲಿಗೆ 100ಕ್ಕಿಂತ ಕಡಿಮೆ ಬೇಡ. ಸ್ಕೆಚ್ ಪೆನ್ ಹಚ್ಚುವುದಾದರೆ 120ಕ್ಕಿಂತ ಮೇಲಿರಲಿ. ಸ್ಪಿರಿಟ್ ವಾಸನೆ ಬರುವ ಆಲ್ಕೋಹಾಲ್ ಮಾರ್ಕರ್ ದಪ್ಪ ಕಾಗದದಲ್ಲೂ ಹಿಂದಕ್ಕೆ ಇಳಿಯುತ್ತದೆ. ಅದಕ್ಕೆ ಪುಟದ ಒಂದೇ ಮಗ್ಗುಲಲ್ಲಿ ಚಿತ್ರ ಇರುವ ಪುಸ್ತಕವೇ ಆಗಬೇಕು, ಕೆಳಗೆ ಒಂದು ರಟ್ಟನ್ನೂ ಇಡಬೇಕು. ಅಂಗಡಿಯಲ್ಲಾದರೆ ಪುಟವನ್ನು ಬೆಳಕಿಗೆ ಹಿಡಿಯಿರಿ. ಹಿಂದಿನ ಚಿತ್ರ ಸ್ಪಷ್ಟವಾಗಿ ಕಂಡರೆ ಪುಸ್ತಕ ಅಲ್ಲೇ ಇಟ್ಟು ಬನ್ನಿ. ಹೊಳೆಯುವ ನುಣುಪು ಕಾಗದವೂ ಬೇಡ, ಅದರ ಮೇಲೆ ಪೆನ್ಸಿಲ್ ಜಾರುತ್ತದೆ, ಬಣ್ಣ ಹತ್ತುವುದಿಲ್ಲ. ಜಾಹೀರಾತಿನಲ್ಲಿ ಜಿಎಸ್‌ಎಂ ಬರೆದಿಲ್ಲವೆಂದರೆ ಬರೆಯುವಂಥದ್ದೇನೂ ಇಲ್ಲ ಅಂತಲೇ ತಿಳಿಯಿರಿ.

ಟೂಲ್ ಅಂದರೆ ಪೆನ್ಸಿಲ್. ಪೆನ್ಸಿಲ್ಲಿನ ಹಿಂಬದಿಯ ತುದಿ ನೋಡಿ. ಬಣ್ಣದ ಕಡ್ಡಿ ಕಟ್ಟಿಗೆಯ ನಡುಮಧ್ಯೆ ಇರಬೇಕು. ಒಂದು ಕಡೆಗೆ ಸರಿದಿದ್ದರೆ, ಚೂಪು ಮಾಡುವಾಗ ಒಂದು ಮಗ್ಗುಲು ಕಟ್ಟಿಗೆ ಉಳಿದು ಕಡ್ಡಿ ಮುರಿಯುತ್ತದೆ. ಸೆಂಟರ್ ತಪ್ಪಿದ ಜಾಬ್ ಲೇತ್ ಮೇಲೆ ಏನಾಗುತ್ತದೆ ಅಂತ ಉದ್ಯಮಬಾಗದವರಿಗೆ ನಾನು ಹೇಳಬೇಕಿಲ್ಲ. ಬಸ್ಸಿನಲ್ಲಿ ಆಕೆಯ ಪೆನ್ಸಿಲ್ಲುಗಳನ್ನು ತಿರುಗಿಸಿ ನೋಡಿದೆ. ಅರ್ಧಕ್ಕರ್ಧ ಸೆಂಟರ್ ತಪ್ಪಿದ್ದವು.

ಅಗ್ಗದ ಪೆಟ್ಟಿಗೆಯ ಇನ್ನೊಂದು ರೋಗ ಗೀಚಿದಂತೆ ಮೂಡುವ ಪೇಲವ ಬಣ್ಣ. ಅದರಲ್ಲಿ ಬಣ್ಣದ ಪುಡಿ ಕಡಿಮೆ, ಮಣ್ಣು ಮೇಣ ಹೆಚ್ಚು. ಗಟ್ಟಿ ಒತ್ತಿದರೆ ಕಾಗದ ಹರಿಯುತ್ತದೆ, ಬಣ್ಣ ಏರುವುದಿಲ್ಲ. 72 ಪೇಲವ ಬಣ್ಣಕ್ಕಿಂತ 24 ಗಟ್ಟಿ ಬಣ್ಣ ಮೇಲು. ಹಳದಿಯ ಮೇಲೆ ನೀಲಿ ಹಗುರಾಗಿ ಹಚ್ಚಿದರೆ ಹಸಿರು ತಾನೇ ಬರುತ್ತದೆ. ಮೊದಲು ತಿಳಿ ಬಣ್ಣ, ಆಮೇಲೆ ಗಾಢ. ಒತ್ತದೆ ನಾಲ್ಕು ಸಲ ತಿದ್ದಿದರೆ, ಒಂದೇ ಸಲ ಒತ್ತಿದ್ದಕ್ಕಿಂತ ಚಂದ ಕೂಡುತ್ತದೆ.

ಇದಕ್ಕೆ ವಿದೇಶಿ ಮಾಲೇ ಆಗಬೇಕೆಂದಿಲ್ಲ. 1931ರಲ್ಲಿ ಮುಂಬೈಯಲ್ಲಿ ಹುಟ್ಟಿದ ಕ್ಯಾಮ್ಲಿನ್, ನಟರಾಜ ಮತ್ತು ಅಪ್ಸರಾ ಮಾಡುವ ಹಿಂದೂಸ್ತಾನ್ ಪೆನ್ಸಿಲ್ಸ್, ಗುಜರಾತಿನ ಉಂಬರಗಾವ್‌ನ ಡೋಮ್ಸ್, ಇವುಗಳಲ್ಲಿ ಯಾವುದಾದರೂ ಒಂದರ 24 ಬಣ್ಣದ ಪೂರ್ತಿ ಉದ್ದದ ಪೆನ್ಸಿಲ್ ಪೆಟ್ಟಿಗೆ ಮುನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಶುರುಮಾಡುವವರಿಗೆ ಅಷ್ಟು ಸಾಕು. ಒಂದು ವರ್ಷ ಬಿಡದೆ ಹಚ್ಚಿದ ಮೇಲೆ ಕಲಾವಿದರ ದರ್ಜೆಯ ಪೆನ್ಸಿಲ್ ಬಗ್ಗೆ ಯೋಚಿಸಿ. ಆಗಲೂ ಬಿಡಿ ಪೆನ್ಸಿಲ್ ಮಾರುವ ಅಂಗಡಿ ಹುಡುಕಿ, ನೀವು ಹೆಚ್ಚು ಬಳಸುವ ನಾಲ್ಕೈದು ಬಣ್ಣ ಮಾತ್ರ ಕೊಳ್ಳಿ. ಅಂದ ಹಾಗೆ, 2025ರ ಸೆಪ್ಟೆಂಬರ್ 22ರಿಂದ ಪೆನ್ಸಿಲ್, ಕ್ರೇಯಾನ್, ಶಾರ್ಪನರ್ ಮೇಲಿನ ಜಿಎಸ್‌ಟಿ ಸೊನ್ನೆ ಆಗಿದೆ. ಬಿಲ್ಲಿನಲ್ಲಿ ಈ ಮೂರಕ್ಕೆ ಜಿಎಸ್‌ಟಿ ಹಾಕಿದ್ದರೆ ಯಾಕೆ ಅಂತ ಕೇಳಿ. ಇನ್ನೊಂದು ಮಾತು: ಪೆನ್ಸಿಲ್ ಕೆಳಗೆ ಬೀಳಿಸಬೇಡಿ. ಕಟ್ಟಿಗೆ ಸರಿಯಾಗಿ ಕಂಡರೂ ಒಳಗಿನ ಕಡ್ಡಿ ತುಂಡಾಗಿರುತ್ತದೆ.

ಮೂರನೆಯದು ಡ್ರಾಯಿಂಗ್. ಮೋಸ ಈಗ ಹೆಚ್ಚಾಗಿರುವುದು ಇಲ್ಲೇ. ಕಂಪ್ಯೂಟರಿಗೆ ಒಂದು ಸಾಲು ಹೇಳಿ ನೂರು ಚಿತ್ರ ಹೊರತೆಗೆದು, ಅದಕ್ಕೊಂದು ರಕ್ಷಾಪುಟ ಹಚ್ಚಿ ಆನ್‌ಲೈನಿನಲ್ಲಿ ಮಾರುವವರು ಬಂದಿದ್ದಾರೆ. ಗುರುತು ಹಿಡಿಯುವುದು ಸುಲಭ. ಕೈಬೆರಳು ಎಣಿಸಿ, ಆರು ಇರಬಹುದು. ಬಳ್ಳಿಯ ಗೆರೆ ಹಿಡಿದು ಹೋಗಿ, ಎಲ್ಲೂ ಸೇರದೆ ನಡುವೆಯೇ ಮಾಯವಾಗುತ್ತದೆ. ಗೆರೆ ಮುಚ್ಚದಿದ್ದರೆ ಬಣ್ಣ ಎಲ್ಲಿ ನಿಲ್ಲಬೇಕು? ಒಳಪುಟ ತೋರಿಸದ, ಬಿಡಿಸಿದವರ ಹೆಸರಿಲ್ಲದ ಪುಸ್ತಕಕ್ಕೆ ದುಡ್ಡು ಕೊಡಬೇಡಿ.

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ ಇನ್ನೊಂದು ಮಾತಿಗೂ ನನ್ನ ತಕರಾರಿದೆ: "ಒತ್ತಡ ಮಾಯ". ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 84 ವಿದ್ಯಾರ್ಥಿಗಳಿದ್ದರು. ಮಂಡಲಕ್ಕೋ ಚೌಕಳಿ ವಿನ್ಯಾಸಕ್ಕೋ 20 ನಿಮಿಷ ಬಣ್ಣ ತುಂಬಿದವರ ಆತಂಕ, ಖಾಲಿ ಹಾಳೆ ಸಿಕ್ಕವರಿಗಿಂತ ಹೆಚ್ಚು ಇಳಿಯಿತು. 2017ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 29 ಜನರ ಮೇಲೆ ನೋಡಿದಾಗ, ಬಣ್ಣ ತುಂಬಿದಾಗಲೂ ಒತ್ತಡ ಇಳಿಯಿತು. ಆದರೆ ಕಲಾ ಚಿಕಿತ್ಸಕರ ಜೊತೆ ಕೂತು ತಮಗೆ ಬೇಕಾದದ್ದನ್ನು ತಾವೇ ಮಾಡಿದಾಗ ಮನಸ್ಸು ಇನ್ನಷ್ಟು ಹಗುರಾಯಿತು. ಅಂದರೆ ಲಾಭ ಇದೆ, ಆ ಹೊತ್ತಿನ ಮಟ್ಟಿಗೆ. ಇದು ಔಷಧಿಯಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನಿಸಿದರೆ ಪುಸ್ತಕ ತರಿಸುತ್ತ ಕೂರಬೇಡಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲಿ ಮಾತಾಡುತ್ತಾರೆ.

ಇಷ್ಟು ಹೇಳಿದರೂ ಕೆಲವರು ಕೇಳುತ್ತಾರೆ: "ನಮ್ಮ ಹೆಣ್ಣುಮಕ್ಕಳಿಗೆ ರಂಗೋಲಿ ಇಲ್ಲೇನು? ಪುಸ್ತಕ ಯಾಕೆ?" ಕೇಳುವವರು ಹೆಚ್ಚಾಗಿ ಗಂಡಸರು. ರಂಗೋಲಿ ಚಂದ, ನಿಜ. ಆದರೆ ಅದು ಬೆಳಗಿನ ಕೆಲಸಗಳ ಪಟ್ಟಿಯಲ್ಲಿ ಒಂದು. ಕಸ ಹೊಡೆದು, ನೀರು ಚಿಮುಕಿಸಿ, ಬಗ್ಗಿ ನಿಂತು ಹಾಕಬೇಕು. ಹಾಕದಿದ್ದರೆ ಓಣಿಯವರು ಕೇಳುತ್ತಾರೆ. ಅದು ಮನೆಗಾಗಿ, ಬಾಗಿಲಿಗಾಗಿ. ಆಕೆ ಎರಡು ದಿನದ ಪಗಾರ ಕೊಟ್ಟು ತರಿಸಿದ್ದು ಯಾರೂ ಕೇಳದ, ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಅರ್ಧ ಗಂಟೆಯನ್ನು. ಮನೆಯಲ್ಲಿ ನಕ್ಕಿದ್ದು ಆ ಅರ್ಧ ಗಂಟೆಗೆ. ಗಂಡಸರು ಅದೇ ಅರ್ಧ ಗಂಟೆ ಫೋನಿನಲ್ಲಿ ರೀಲ್ಸ್ ತಿರುವಿದರೆ ಯಾರೂ ನಗುವುದಿಲ್ಲ.

ಹಾಗಂತ ರಂಗೋಲಿ ಬಿಟ್ಟುಬಿಡಿ ಅನ್ನುವುದಿಲ್ಲ. ಪುಸ್ತಕಕ್ಕೆ ಬೇಕಾದ ಮಾಲು ನಮ್ಮಲ್ಲೇ ಬೇಕಾದಷ್ಟಿದೆ ಅನ್ನುತ್ತೇನೆ. ಕಸೂತಿಯ ಗೋಪುರ, ತೇರು, ಆನೆ, ತುಳಸಿಕಟ್ಟೆ ನೋಡಿ. ಮಲೆನಾಡಿನ ಹಸೆ ಚಿತ್ತಾರ, ಕೊಪ್ಪಳದ ಕಿನ್ನಾಳದ ಗೊಂಬೆಗಳು, ಸುರಪುರದ ಚಿತ್ರಕಲೆ ಇವೆ. ಬೆಳಗಾವಿ, ಖಾನಾಪುರದ ಅಂಗಡಿಗಳಲ್ಲಿ ನಾನು ಕೇಳಿದಾಗ ದೊಡ್ಡವರಿಗೆ ಅಂತ ತೋರಿಸಿದ್ದು ಹೊರಗಿನ ತೋಟ, ಹೊರಗಿನ ಗೂಬೆ, ಹೊರಗಿನ ಕೋಟೆ. ಗೂಬೆಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಸೂತಿಯ ತೇರಿಗೆ ಬಣ್ಣ ತುಂಬುವ ಪುಸ್ತಕ ಕೇಳಿದರೆ ಅಂಗಡಿಯವರು ನನ್ನ ಮುಖ ನೋಡುತ್ತಾರೆ. ಕರ್ನಾಟಕ ಲಲಿತಕಲಾ ಅಕಾಡೆಮಿ ಇಂಥದ್ದೊಂದನ್ನು ಒಳ್ಳೆಯ ಕಾಗದದ ಮೇಲೆ, ಬಿಡಿಸಿದ ಕಲಾವಿದರ ಹೆಸರು ಹಾಕಿ, ಕೂಲಿಯವರ ಕೈಗೆಟುಕುವ ಬೆಲೆಗೆ ತರಬಾರದೇಕೆ? ಚಿತ್ರಕ್ಕೆ ಭಾಷೆಯ ತಂಟೆಯೂ ಇಲ್ಲ. ಖಾನಾಪುರದಲ್ಲಿ ಕನ್ನಡದ ಮನೆಯವರೂ ಮರಾಠಿಯ ಮನೆಯವರೂ ಒಂದೇ ತೇರಿಗೆ ಬಣ್ಣ ಹಚ್ಚಬಹುದು.

ಅಲ್ಲಿಯವರೆಗೆ ಕಾಯಬೇಕಿಲ್ಲ. ಓಣಿಯಲ್ಲಿ ಚಂದ ರಂಗೋಲಿ ಹಾಕುವವರಿಂದ ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲಿ ದೊಡ್ಡದೊಂದು ಬಿಡಿಸಿಕೊಳ್ಳಿ. ಅದನ್ನು ಝೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಯ ಮೇಲೆ ಹತ್ತು ಪ್ರತಿ ತೆಗೆಸಿ. ಝೆರಾಕ್ಸ್ ಯಂತ್ರದ ಕಪ್ಪು ಗೆರೆ ನೀರು ತಾಗಿದರೂ ಕದಡುವುದಿಲ್ಲ. ಇಂಕ್‌ಜೆಟ್ ಪ್ರಿಂಟರಿನ ಗೆರೆ ಕದಡಬಹುದು, ಹೇಳಿ ತೆಗೆಸಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಮೇಜು, ನಾಲ್ಕು ಪೆಟ್ಟಿಗೆ ಪೆನ್ಸಿಲ್, ಇಂಥ ಹಾಳೆಗಳ ಒಂದು ಕಟ್ಟು ದೊಡ್ಡವರಿಗೂ ಇಡಿ ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ದೊಡ್ಡ ಖರ್ಚಲ್ಲ. ನಗುವವರು ನಗಲಿ, ಕೇಳಿದ್ದು ಬರವಣಿಗೆಯಲ್ಲಿ ದಾಖಲಾಗಲಿ.

ಬಸ್ಸು ಖಾನಾಪುರ ಸ್ಟ್ಯಾಂಡಿಗೆ ಬಂದಾಗ ಆಕೆ ಪೆಟ್ಟಿಗೆ ಎತ್ತಿಕೊಂಡು ಇಳಿದಳು. ಇಳಿಯುವ ಮೊದಲು ಒಂದು ಕೆಲಸ ಮಾಡಿದಳು. 72ರಲ್ಲಿ ಸೆಂಟರ್ ಸರಿ ಇದ್ದ ಪೆನ್ಸಿಲ್ಲುಗಳನ್ನು ಆರಿಸಿ, ಟಿಫಿನ್ ಚೀಲದೊಳಗೆ ಹಾಕಿಕೊಂಡಳು. ಉಳಿದದ್ದು ಅಣ್ಣನ ಮಗಳಿಗೆ ಹೋಯಿತು. ಮಕ್ಕಳಿಗಾದರೂ ಮುರಿಯುವ ಪೆನ್ಸಿಲ್ ಯಾಕೆ ಕೊಡಬೇಕು ಅಂತ ಆಗ ನನಗೆ ಹೊಳೆಯಲಿಲ್ಲ. ಈಗ ಕೇಳುತ್ತಿದ್ದೇನೆ.