ಇಲಿ ಚೇತರಿಸಿಕೊಂಡಿತು ಎಂದರೆ ಏನರ್ಥ?

ಮಿದುಳಿಗೆ ಪೆಟ್ಟಾದವರ ಬಗ್ಗೆ ಬರೆಯುವಾಗ ನಾವು ಬಳಸುವ 'ಚೇತರಿಕೆ' ಎಂಬ ಪದದ ಮೇಲೆ ನನಗೊಂದು ತಕರಾರಿದೆ. ಹೋದದ್ದು ಮರಳಿ ಬಂದರೂ ಚೇತರಿಕೆ, ಮರಳಿ ಬಾರದ್ದನ್ನು ಬೇರೊಂದು ದಾರಿಯಲ್ಲಿ ನಿಭಾಯಿಸಿದರೂ ಚೇತರಿಕೆ. ಇವೆರಡೂ ಒಂದೇ ಅಲ್ಲ ಎಂಬುದನ್ನು ಪ್ರಯೋಗಾಲಯದ ಇಲಿಗಳು ಎಂದೋ ತೋರಿಸಿಕೊಟ್ಟಿವೆ.

1982ರಲ್ಲಿ ರಿಚರ್ಡ್ ಮಾರಿಸ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಈಗ ಪಠ್ಯಪುಸ್ತಕದ ವಿಷಯ. ಒಂದು ದುಂಡನೆಯ ತೊಟ್ಟಿ, ಒಳಗಿನದೇನೂ ಕಾಣದಂತೆ ಹಾಲು ಬೆರೆಸಿದ ನೀರು, ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಅಡಗಿದ ಪುಟ್ಟ ಕಟ್ಟೆ. ಆರೋಗ್ಯವಾಗಿರುವ ಇಲಿ ಕೋಣೆಯ ಗುರುತುಗಳನ್ನು ಹಿಡಿದು ಕೆಲವು ಸಲದಲ್ಲೇ ನೇರವಾಗಿ ಕಟ್ಟೆಗೆ ಈಜುವುದನ್ನು ಕಲಿಯುತ್ತದೆ. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಕಳೆದುಕೊಂಡ ಇಲಿಗಳು ತೊಟ್ಟಿ ತುಂಬ ಅಲೆದವು. ಕಟ್ಟೆ ಕಣ್ಣಿಗೆ ಕಾಣುವಂತಿದ್ದರೆ ಅವೂ ಹೋಗಿ ಹತ್ತುತ್ತಿದ್ದವು. ಈಜು ಮರೆತಿರಲಿಲ್ಲ, ಕಣ್ಣಿಗೂ ಏನೂ ಆಗಿರಲಿಲ್ಲ. ಹೋಗಿದ್ದು ಜಾಗದ ನೆನಪು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು 1990ರ ಇನ್ನೊಂದು ಪ್ರಯೋಗ. ಹೊವರ್ಡ್ ಐಕೆನ್‌ಬಾಮ್, ಮಾರಿಸ್ ಮೊದಲಾದವರು ಹಿಪೊಕ್ಯಾಂಪಸ್‌ಗೆ ಸಂಪರ್ಕ ಕೊಡುವ ನರತಂತುಗಳ ಕಟ್ಟನ್ನು ಕತ್ತರಿಸಿದ ಇಲಿಗಳನ್ನು ಪ್ರತಿ ಸಲವೂ ತೊಟ್ಟಿಯ ಒಂದೇ ಬದಿಯಿಂದ ಬಿಟ್ಟರು. ತುಸು ನಿಧಾನವಾದರೂ ಅವು ಕಟ್ಟೆ ಸೇರುವುದನ್ನು ಕಲಿತವು. ಗಡಿಯಾರ ಮಾತ್ರ ನೋಡುವವರು ಇಲಿ ಗುಣವಾಯಿತು ಎನ್ನುತ್ತಿದ್ದರು. ಆದರೆ ಹೊಸ ಬದಿಯಿಂದ ಬಿಟ್ಟಾಗ ಬಣ್ಣ ಬಯಲಾಯಿತು: ಉಳಿದ ಇಲಿಗಳು ನೇರ ಕಟ್ಟೆಗೆ ಹೋದರೆ, ಇವು ಎಷ್ಟೋ ಸಲ ದಾರಿ ತಪ್ಪಿದವು. ಅವು ಕಲಿತದ್ದು ಜಾಗವನ್ನಲ್ಲ, ಒಂದು ದಾರಿಯನ್ನು.

ಕೈಕಾಲಿನ ವಿಷಯದಲ್ಲೂ ಇದೇ ಕತೆ. ಕೆನಡಾದ ಇಯಾನ್ ವಿಶಾ ಅವರು, ಚಲನೆಯನ್ನು ನಡೆಸುವ ಮಿದುಳಿನ ಭಾಗಕ್ಕೆ ಪೆಟ್ಟಾದ ಇಲಿಗಳು ಮುಂಗಾಲು ಚಾಚಿ ಆಹಾರದ ಕಾಳು ಎತ್ತಿಕೊಳ್ಳುವುದನ್ನು ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿದರು. ಕಾಳಿನ ಲೆಕ್ಕ ಸುಧಾರಿಸಿತ್ತು. ಆದರೆ ಪಾದ ಮೊದಲಿನಂತೆ ತಿರುಗುತ್ತಿರಲಿಲ್ಲ. ಅದರ ಬದಲು ಇಲಿ ಇಡೀ ಮೈ ತಿರುಗಿಸಿ ಕೆಲಸ ಸಾಧಿಸುತ್ತಿತ್ತು.

ಬದಲಿ ದಾರಿ ಕೀಳು ಎಂದು ನಾನು ಹೇಳುತ್ತಿಲ್ಲ. ಇಲಿಗೆ ಕಾಳು ಸಿಕ್ಕಿತಲ್ಲ, ಅದೇನು ಸಣ್ಣ ಸಂಗತಿಯೇ? ಇಲಿಯ ಮಿದುಳಿನಲ್ಲಿ ಅಳೆದು ಮಾಡಿದ ಗಾಯಕ್ಕೂ ಮನುಷ್ಯರ ಸ್ಟ್ರೋಕ್‌ಗೂ ದೂರವಿದೆ, ಅದೂ ನಿಜ. ಆದರೂ 'ಅಪ್ಪ ಮೊದಲಿನಂತೆ ಆಗಿದ್ದಾರೆ' ಎಂದು ನಂಬಿದ ಮನೆಯವರು ಅವರೊಬ್ಬರನ್ನೇ ಗೊತ್ತಿಲ್ಲದ ಬಸ್ ಸ್ಟಾಪಿನಲ್ಲಿ ಇಳಿಯಲು ಬಿಡಬಹುದು. ದಾರಿ ತಪ್ಪಿದರೆ 'ಸರಿಯಾಗಿ ಗಮನ ಕೊಡಲ್ಲ' ಎಂದು ಅವರನ್ನೇ ಗದರಬಹುದು.

ಅನುವಾದ ನನ್ನ ಕಸುಬು. ರೋಗಿಗಳ ಕೈಗೆ ಕೊಡುವ ಕನ್ನಡ ಕರಪತ್ರದಲ್ಲಿ 'ಮರಳಿ ಬಂದದ್ದು', 'ಬೇರೆ ರೀತಿ ಮಾಡಲು ಕಲಿತದ್ದು' ಎಂದು ಎರಡು ಸಾಲು ಬೇರೆಬೇರೆಯಾಗಿ ಬರೆಯುವುದು ಕಷ್ಟವೇನಲ್ಲ. ಮನೆಯವರಿಗೆ ಒಂದು ಪ್ರಶ್ನೆಯನ್ನೂ ಅದರಲ್ಲೇ ಸೇರಿಸಬಹುದು: ಮನೆಯಿಂದ ಅಂಗಡಿಗೆ ಹೋಗಿಬರುತ್ತಾರೆ, ಸರಿ, ದೇವಸ್ಥಾನದಿಂದ ಹೊರಟರೂ ಅದೇ ಅಂಗಡಿಗೆ ಹೋಗುತ್ತಾರೆಯೇ?